ಸಾನಿಯಾ ಸಿಂಗಲ್ಸ್ ಬಿಟ್ಟಿದ್ದು, ನಮ್ಮ ಹುಡುಗಿಯ ಮಣಿಕಟ್ಟು: ತುಮಕೂರಿನ ಒಂದು ಪ್ರಕರಣ

2022ರ ನವೆಂಬರ್. ನಮ್ಮ ಅಕ್ಕನ ಮಗಳಿಗೆ ಆಗ ಹದಿನಾರು ವರ್ಷ. ಒಂದು ಬೆಳಗ್ಗೆ ಕಾಲೇಜಿಗೆ ಹೊರಡುವ ಹೊತ್ತಿನಲ್ಲಿ ಬಾಚಣಿಗೆ ಹಿಡಿದುಕೊಂಡು ಅಡುಗೆಮನೆಗೆ ಬಂದು, "ಅಮ್ಮ, ಜಡೆ ಹಾಕಿಕೊಡು" ಅಂದಳು. ಏಳನೇ ಕ್ಲಾಸಿನಿಂದ ತನ್ನ ಜಡೆ ತಾನೇ ಹಾಕಿಕೊಳ್ಳುವ ಹುಡುಗಿ. ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಕೈಯೆಲ್ಲ ಹಿಟ್ಟು. "ನೀನೇ ಹಾಕ್ಕೊಳ್ಳೇ, ನನ್ನ ಕೈ ನೋಡು" ಅಂದಳು. ಹುಡುಗಿ ಏನೂ ಹೇಳದೆ ಕೂದಲು ಒಟ್ಟು ಮಾಡಿ ಒಂದು ಕ್ಲಿಪ್ ಸಿಕ್ಕಿಸಿಕೊಂಡು ಹೋದಳು. ಹೀಗೆ ನಾಲ್ಕು ದಿನ ನಡೆಯಿತು. ಐದನೇ ದಿನ ಜಗಲಿಯಲ್ಲಿ ಕೂತಿದ್ದ ಅಜ್ಜಿ ಕೇಳಿದರು: "ಯಾಕೆ ಮಗ, ಬಲಗೈ ಹಂಗ್ ಹಿಡ್ಕಂಡಿದೀಯ?"

ಆಗ ಅತ್ತಳು. ಬಾಚಣಿಗೆ ಹಿಡಿದು ಕೈ ಹಿಂದಕ್ಕೆ ತಿರುಗಿಸಿದರೆ ನೋವು. ನಲ್ಲಿ ತಿರುಗಿಸಿದರೆ ನೋವು. ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಚಾಪೆಯಿಂದ ಏಳುವಾಗ ಅಂಗೈ ಊರಲು ಆಗುತ್ತಿರಲಿಲ್ಲ. ಆದರೂ ದಿನಾ ಸಂಜೆ ಟೆನಿಸ್ ಕೋರ್ಟಿಗೆ ಹೋಗಿ ಎರಡೂವರೆ ಗಂಟೆ ಆಡಿ ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಯಾರಿಗೂ ಹೇಳಿರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ನನಗೆ ಹೇಳಿದ್ದಳು. ನಾನು ತುಮಕೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಹತ್ತೊಂಬತ್ತು ವರ್ಷದಿಂದ ಮಕ್ಕಳ ಉಳುಕು, ಬಾವು, ತರಚುಗಾಯ ನೋಡಿಕೊಂಡೇ ಬಂದವಳು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅವಳು ಕಿರುಬೆರಳಿನ ಕಡೆಯ ಮಣಿಕಟ್ಟು ತೋರಿಸಿ, "ಚಿಕ್ಕಮ್ಮ, ಫೋರ್‌ಹ್ಯಾಂಡ್ ಹೊಡೆದಾಗ ಇಲ್ಲಿ ಚುಳ್ ಅನ್ನುತ್ತೆ" ಅಂದಿದ್ದಳು. ಐಸ್ ಇಡು, ಕ್ರೇಪ್ ಬ್ಯಾಂಡೇಜ್ ಸುತ್ತಿಕೋ, ಆಟ ಅಂದಮೇಲೆ ಸ್ವಲ್ಪ ನೋವು ಇದ್ದೇ ಇರುತ್ತೆ ಅಂದೆ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಇದನ್ನು ಬರೆಯಲು ಕೂತದ್ದೂ ಅದಕ್ಕೇ. ಅಕ್ಕ, ಭಾವ, ಹುಡುಗಿ ಮೂವರೂ ಓದಿ ಒಪ್ಪಿದ್ದಾರೆ. ಹೆಸರು ಬೇಡ ಅಂದರು, ಹಾಕಿಲ್ಲ.

ಒಂದೇ ಬೇಸಿಗೆಯಲ್ಲಿ ಮೂರು ಬದಲಾವಣೆ

ಅವಳು ರಾಕೆಟ್ ಹಿಡಿದದ್ದು ಒಂಬತ್ತನೇ ವಯಸ್ಸಿನಲ್ಲಿ, ಒಂದು ಬೇಸಿಗೆ ಶಿಬಿರದಲ್ಲಿ. ಮಣ್ಣಿನ ಕೋರ್ಟು. ಬೆಳಗ್ಗೆ ನೀರು ಚಿಮುಕಿಸಿ, ರೋಲರ್ ಎಳೆದು, ಗೆರೆ ಹಾಕಿದ ಮೇಲೆಯೇ ಆಟ. ಮಳೆ ಬಂದರೆ ಎರಡು ದಿನ ರಜ. ಭಾವನದು ಕೊಬ್ಬರಿ ವ್ಯಾಪಾರ, ತಿಪಟೂರು ಮಾರುಕಟ್ಟೆಗೆ ಓಡಾಟ. ಕೊಬ್ಬರಿ ರೇಟು ಬಿದ್ದ ತಿಂಗಳು ಟೂರ್ನಮೆಂಟ್ ಒಂದು ಕಡಿಮೆ ಆಗುತ್ತಿತ್ತು. ಆದರೂ ಭಾವ ಮಗಳ ಆಟ ನಿಲ್ಲಿಸು ಅಂತ ಒಂದು ದಿನವೂ ಹೇಳಿದವರಲ್ಲ. ಅಂಡರ್ 12, ಅಂಡರ್ 14, ಅಂಡರ್ 16 ಹೀಗೆ ರಾಷ್ಟ್ರೀಯ ಟೆನಿಸ್ ಸಂಸ್ಥೆಯ ವಯಸ್ಸಿನ ವಿಭಾಗಗಳಲ್ಲಿ ಆಡುತ್ತಾ ಬಂದಳು. ಟೂರ್ನಮೆಂಟ್ ಹೆಚ್ಚಾಗಿ ಬೆಂಗಳೂರಿನಲ್ಲಿ. ಇಲ್ಲಿಂದ 70 ಕಿಲೋಮೀಟರ್. ಬೆಳಗಿನ ಜಾವ ಎದ್ದು ಬಸ್ಸು ಹತ್ತಿ, ಒಂದು ಸುತ್ತು ಆಡಿ, ಸೋತರೂ ಗೆದ್ದರೂ ಸಂಜೆಗೆ ವಾಪಸ್. ಬರುವಾಗ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನುವುದು ಅಪ್ಪ ಮಗಳ ರೂಢಿ. ಸೋತ ದಿನ ಎರಡು ತಟ್ಟೆ ಜಾಸ್ತಿ.

2022ರ ಏಪ್ರಿಲ್‌ನಲ್ಲಿ ಎಸ್ಎಸ್ಎಲ್‌ಸಿ ಪರೀಕ್ಷೆ ಮುಗಿಯಿತು. ಇನ್ನು ಟೆನಿಸ್‌ಗೆ ಪೂರ್ತಿ ಸಮಯ ಅಂತ ಎಲ್ಲರಿಗೂ ಖುಷಿ. ತಪ್ಪು ಶುರುವಾದದ್ದು ಅಲ್ಲೇ. ದಿನಕ್ಕೆ ಎರಡು ಗಂಟೆ ಇದ್ದ ಅಭ್ಯಾಸ ಒಂದೇ ವಾರದಲ್ಲಿ ನಾಲ್ಕೂವರೆ ಗಂಟೆ ಆಯಿತು. ಅದೇ ತಿಂಗಳು ಹೊಸ ರಾಕೆಟ್ ಬಂತು, ಅದಕ್ಕೆ ಪಾಲಿಯೆಸ್ಟರ್ ಗಟ್ಟಿಂಗ್, ಅಂದರೆ ರಾಕೆಟ್‌ಗೆ ಹೆಣೆಯುವ ತಂತಿ, 56 ಪೌಂಡ್ ಬಿಗಿ. ದೊಡ್ಡ ಆಟಗಾರರು ಹಾಕಿಸುತ್ತಾರೆ ಅಂತ ಇವಳೂ ಹಾಕಿಸಿದಳು. ಮೂರನೆಯದು ಹಿಡಿತ. ಚೆಂಡು ಜಾಸ್ತಿ ತಿರುಗಬೇಕು ಅಂತ ಹೇಳಿ ಅವಳ ಫೋರ್‌ಹ್ಯಾಂಡ್ ಹಿಡಿತವನ್ನು ಪೂರ್ತಿ ವೆಸ್ಟರ್ನ್‌ಗೆ, ಅಂದರೆ ಅಂಗೈ ಹಿಡಿಕೆಯ ಅಡಿಗೆ ಬರುವ ಹಾಗೆ, ಬದಲಾಯಿಸಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ತಾಯಿ ತಂದೆಯರಿಗೆ ಇದು ಗೊತ್ತಿರುವುದಿಲ್ಲ. ರಾಕೆಟ್ ಹಿಡಿಯುವಾಗ ಅಂಗೈ ಹಿಡಿಕೆಯ ಅಡಿಗೆ ಹೋದಷ್ಟೂ ಚೆಂಡಿಗೆ ಟಾಪ್‌ಸ್ಪಿನ್ ಜಾಸ್ತಿ. ಚೆಂಡು ನೆಟ್ ಮೇಲೆ ಎತ್ತರದಲ್ಲಿ ಹೋಗಿ ಗಬಕ್ಕನೆ ಇಳಿಯುತ್ತದೆ, ನೆಲಕ್ಕೆ ಬಿದ್ದು ಎದುರಿನವರ ಭುಜದವರೆಗೂ ಪುಟಿಯುತ್ತದೆ. ನೋಡಲು ಚೆಂದ. ಆದರೆ ಈ ಹಿಡಿತದಲ್ಲಿ ಪ್ರತಿ ಹೊಡೆತದ ಭಾರವೂ ಕಿರುಬೆರಳಿನ ಕಡೆಯ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅಲ್ಲಿ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಮೂಳೆಯ ಸಣ್ಣ ತೋಡಿನಲ್ಲಿ ಹಾದುಹೋಗುತ್ತದೆ. ಕೈ ತಿರುಗಿದಾಗೆಲ್ಲ ಅದು ಆ ತೋಡಿನಲ್ಲಿ ಉಜ್ಜುತ್ತದೆ. ಪಾಲಿಯೆಸ್ಟರ್ ತಂತಿ ಗಟ್ಟಿ. ಚೆಂಡಿನ ಹೊಡೆತವನ್ನು ತಾನು ಅಷ್ಟಾಗಿ ತಡೆದುಕೊಳ್ಳುವುದಿಲ್ಲ, ಕೈಗೆ ದಾಟಿಸಿಬಿಡುತ್ತದೆ. ಒಂದೊಂದನ್ನೇ ಬದಲಾಯಿಸಿ ಎರಡು ಮೂರು ತಿಂಗಳು ಬಿಟ್ಟಿದ್ದರೆ ಅವಳ ಕೈ ಒಗ್ಗಿಕೊಳ್ಳುತ್ತಿತ್ತೋ ಏನೋ. ಮೂರೂ ಒಟ್ಟಿಗೆ ಬಂದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಳು ಟೂರ್ನಮೆಂಟ್ ಬೇರೆ.

ತುಮಕೂರಿನಲ್ಲೇ ಎಕ್ಸ್‌ರೇ ತೆಗೆಸಿದೆವು. ಮೂಳೆ ಸರಿಯಾಗಿದೆ, ಉಳುಕಿದೆ ಅಷ್ಟೇ, ಮಾತ್ರೆ ತಗೊಳ್ಳಿ ಅಂದರು. ಎಲ್ಲರಿಗೂ ಸಮಾಧಾನ ಆಯಿತು. ಆದರೆ ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ. ನೋವು ಹೋಗಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ವಿಷಯ ಗೊತ್ತಾಯಿತು. ಟೆಂಡನ್ ಊದಿಕೊಂಡಿದೆ, ಅದರ ಕವಚವೂ ಊದಿದೆ, ಆದರೆ ಹರಿದಿಲ್ಲ. ಆಪರೇಷನ್ ಬೇಡ. ಎಂಟು ವಾರ ರಾಕೆಟ್ ಮುಟ್ಟುವಂತಿಲ್ಲ, ಮೊದಲ ನಾಲ್ಕು ವಾರ ಕೈ ಅಲುಗದ ಹಾಗೆ ಕಟ್ಟುವ ಸ್ಪ್ಲಿಂಟ್. ಆಮೇಲೆ ನಿಧಾನವಾಗಿ ವ್ಯಾಯಾಮ. ಡಾಕ್ಟರು ಇನ್ನೊಂದು ಮಾತು ಹೇಳಿದರು: "ವಾಪಸ್ ಹೋಗಿ ಮತ್ತೆ ಅದೇ ರೀತಿ ಆಡಿದರೆ ಮತ್ತೆ ನನ್ನ ಹತ್ತಿರಾನೇ ಬರ್ತೀಯ."

ಮನೆಯಲ್ಲಿ ಜಗಳ

ಎಂಟು ವಾರ ಅಂದ ಕೂಡಲೇ ಭಾವ ಲೆಕ್ಕ ಹಾಕತೊಡಗಿದರು. ಯಾವ ಟೂರ್ನಮೆಂಟ್ ತಪ್ಪುತ್ತದೆ, ಎಷ್ಟು ರ‍್ಯಾಂಕಿಂಗ್ ಪಾಯಿಂಟ್ ಬಿದ್ದುಹೋಗುತ್ತದೆ. ಅಕ್ಕನಿಗೆ ಆಟವೇ ಸಾಕು ಅನ್ನಿಸಿತ್ತು. ಪಿಯುಸಿ ಸೈನ್ಸ್ ತಗೊಂಡಿದ್ದಾಳೆ, ಓದಿಕೊಳ್ಳಲಿ ಅಂದಳು. ಹುಡುಗಿ ಇಬ್ಬರ ಜೊತೆಯೂ ಮಾತು ಬಿಟ್ಟಳು. ಆ ವಾರ ಮನೆಗೆ ಬಂದಿದ್ದ ಭಾವನ ಸ್ನೇಹಿತರೊಬ್ಬರು ಕಾಫಿ ಕುಡಿಯುತ್ತಾ, "ಸಾನಿಯಾನೂ ಹಂಗೇ ಅಲ್ವಾ? ಸಿಂಗಲ್ಸ್ ಕೈಲಾಗ್ದೆ ಡಬಲ್ಸ್‌ಗೆ ಹೋದ್ಳು. ಇವಳನ್ನೂ ಡಬಲ್ಸ್‌ಗೆ ಹಾಕಿ, ಆರಾಮಾಗಿ ಆಡ್ಕೊಂಡಿರ್ಲಿ" ಅಂದರು. ಟೆನಿಸ್ ತಾರೆ ಸಾನಿಯಾ ಮಿರ್ಜಾ ಒಬ್ಬರೇ ಆಡುವ ಸಿಂಗಲ್ಸ್ ಬಿಟ್ಟು ಇಬ್ಬರು ಜೊತೆಯಾಗಿ ಆಡುವ ಡಬಲ್ಸ್‌ಗೆ ಹೋದದ್ದರ ಮಾತು ಅದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿ ಹುಡುಗಿಯ ಮುಖ ಬಾಡಿಹೋಯಿತು.

2023ರ ಜನವರಿ 27. ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಫೈನಲ್. ಸಾನಿಯಾ ಮಿರ್ಜಾ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಒಂದು ಕಡೆ, ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ ಮತ್ತು ರಫೇಲ್ ಮಾಟೋಸ್ ಇನ್ನೊಂದು ಕಡೆ. ಸಾನಿಯಾರ ಕೊನೆಯ ಗ್ರ್ಯಾಂಡ್‌ಸ್ಲಾಮ್, ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಮೆಂಟ್‌ಗಳಲ್ಲಿ ಅವರು ಆಡಿದ ಕೊನೆಯದು. 6-7, 2-6ರಲ್ಲಿ ಸೋತರು. ಆಮೇಲೆ ಮೈಕ್ ಹಿಡಿದಾಗ ಅವರಿಗೆ ಗಂಟಲು ಕಟ್ಟಿತು. ತಮ್ಮ ವೃತ್ತಿಬದುಕು ಶುರುವಾದದ್ದು 2005ರಲ್ಲಿ ಇದೇ ಮೆಲ್ಬರ್ನ್‌ನಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ ಸೆರೆನಾ ವಿಲಿಯಮ್ಸ್ ಎದುರು ಆಡಿದಾಗ ಅಂತ ನೆನೆಸಿಕೊಂಡರು. ಮಗ ಅಲ್ಲೇ ಇದ್ದ. ಬಲಗೈಗೆ ಸ್ಪ್ಲಿಂಟ್ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದ ನಮ್ಮ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಚಿಕ್ಕಮ್ಮ, ಸೆರೆನಾ ಎದುರು ಆಡಿದ್ದು ಸಿಂಗಲ್ಸಾ?"

ನನಗೆ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಅವಳು ಹುಟ್ಟಿದ್ದು 2006ರಲ್ಲಿ. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಸಾನಿಯಾ ಅಂದರೆ ಡಬಲ್ಸ್ ಮಾತ್ರ. ಆ ಮೊದಲಿನ ಅರ್ಧ ಬದುಕು ಅವಳಿಗೆ ಗೊತ್ತೇ ಇರಲಿಲ್ಲ. ನಮಗೂ ಗೊತ್ತಿದ್ದದ್ದು ಸುಮ್ನೆ ತಲೆಬರಹಗಳಷ್ಟೇ. ಆ ಸಂಜೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ವರ್ಷದ ಪ್ರಕಾರ ಬರೆಯುತ್ತಾ ಹೋದೆ. ಹುಡುಗಿ ಎಡಗೈಯಲ್ಲಿ ಗೆರೆ ಎಳೆದುಕೊಟ್ಟಳು.

ನೋಟ್‌ಬುಕ್ಕಿನಲ್ಲಿ ಬರೆದದ್ದು

ಸಾನಿಯಾ ಹುಟ್ಟಿದ್ದು 1986ರಲ್ಲಿ ಮುಂಬೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ಅಪ್ಪ ಇಮ್ರಾನ್ ಮಿರ್ಜಾ ಅವರೇ ಮುಂದೆ ನಿಂತು ಕಲಿಸಿದರು. ಸಗಣಿ ಸಾರಿಸಿದ ಕೋರ್ಟಿನಲ್ಲಿ ಆಡಿ ಬೆಳೆದೆ ಅಂತ ಸಾನಿಯಾ ಹೇಳಿಕೊಂಡಿದ್ದಾರೆ. ಇದನ್ನು ಓದಿ ಹೇಳಿದಾಗ ಅಜ್ಜಿ, "ನಮ್ ಕಣದ್ ತರಾನೇ" ಅಂದರು.

2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು, ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆ. 2004ರಲ್ಲಿ ಹೈದರಾಬಾದ್ ಓಪನ್ ಡಬಲ್ಸ್, ಲೀಜೆಲ್ ಹ್ಯೂಬರ್ ಜೊತೆ. ಇಲ್ಲಿಗೆ ಪೆನ್ನು ನಿಲ್ಲಿಸಿ ಭಾವನನ್ನು ಕರೆದೆ. ನೋಡಿ ಭಾವ, ಡಬಲ್ಸ್ ಮೊದಲಿಂದಲೂ ಇತ್ತು. ಸಿಂಗಲ್ಸ್‌ನ ದೊಡ್ಡ ಹೆಸರು ಬರುವುದಕ್ಕೆ ಮುಂಚೆಯೇ ಅವರು ಡಬಲ್ಸ್ ಕಲಿತಿದ್ದರು, ಗೆದ್ದಿದ್ದರು.

2005 ಅವರ ವರ್ಷ. ಆಸ್ಟ್ರೇಲಿಯನ್ ಓಪನ್ ಮೂರನೇ ಸುತ್ತಿನಲ್ಲಿ ಸೆರೆನಾ ಎದುರು 1-6, 4-6. ಫೆಬ್ರವರಿಯಲ್ಲಿ ಹೈದರಾಬಾದ್ ಓಪನ್ ಸಿಂಗಲ್ಸ್ ಪ್ರಶಸ್ತಿ. ಮಹಿಳಾ ಟೆನಿಸ್ ಸಂಸ್ಥೆಯ (ಡಬ್ಲ್ಯುಟಿಎ) ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಆಮೇಲೆ ದುಬೈನಲ್ಲಿ ಆಗಿನ ಅಮೆರಿಕನ್ ಓಪನ್ ಚಾಂಪಿಯನ್ ಸ್ವೆಟ್ಲಾನಾ ಕುಜ್ನೆಟ್ಸೋವಾ ಅವರನ್ನು ಸೋಲಿಸಿದರು. ಸೆಪ್ಟೆಂಬರ್ ಹೊತ್ತಿಗೆ ಅಮೆರಿಕನ್ ಓಪನ್ ನಾಲ್ಕನೇ ಸುತ್ತು, ಅಲ್ಲಿ ಮಾರಿಯಾ ಶರಪೋವಾ ಎದುರು ಸೋಲು. 2007ರ ಆಗಸ್ಟ್‌ನಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್ 27. ಕೈಲಾಗದವರು ಏರುವ ಜಾಗವೇ ಅದು?

ನಂತರ 2008. ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ. ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಕೈ ನೋವಿನಿಂದ ಪಂದ್ಯ ಅರ್ಧಕ್ಕೆ ಬಿಟ್ಟರು. ಅಮೆರಿಕನ್ ಓಪನ್ ಆಡಲಿಲ್ಲ. ಆ ದಿನಗಳಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ, ತಿಂಗಳುಗಟ್ಟಲೆ ಖಿನ್ನತೆಯಲ್ಲಿದ್ದೆ ಅಂತ ಮುಂದೆ ಅವರೇ ಹೇಳಿದ್ದಾರೆ. ಇದನ್ನು ಓದಿದಾಗ ಅಕ್ಕ ಕೈಯಲ್ಲಿದ್ದ ಸೌಟು ಹಾಗೇ ಕೆಳಗಿಟ್ಟು ಬಂದು ಮಗಳ ಪಕ್ಕ ಕೂತಳು. ಏನೂ ಮಾತಾಡಲಿಲ್ಲ. ಆ ಮನೆಯಲ್ಲಿ ಜಗಳ ಅರ್ಧ ಕಡಿಮೆಯಾದದ್ದು ಅಲ್ಲಿ.

ಗಾಯವಾದ ಮರುವರ್ಷದ ಆರಂಭದಲ್ಲೇ, 2009ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಮಹೇಶ್ ಭೂಪತಿ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಅದು ಅವರ ಮೊದಲ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ. ಆದರೆ ಸಿಂಗಲ್ಸ್ ಆಗಲೇ ಬಿಡಲಿಲ್ಲ, ಗಮನಿಸಿ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಬೆಳ್ಳಿ, ಅದೇ ವರ್ಷ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಕಂಚು. 2011ರಲ್ಲಿ ಎಲೆನಾ ವೆಸ್ನಿನಾ ಜೊತೆ ಫ್ರೆಂಚ್ ಓಪನ್ ಡಬಲ್ಸ್ ಫೈನಲ್. 2012ರಲ್ಲಿ ಭೂಪತಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. ಮಣಿಕಟ್ಟಿನ ಜೊತೆಗೆ ಮಂಡಿಗೂ ಶಸ್ತ್ರಚಿಕಿತ್ಸೆ ಆಗಿತ್ತು. ಸಿಂಗಲ್ಸ್ ಪೂರ್ತಿ ನಿಲ್ಲಿಸಿದ್ದು 2013ರ ಹೊತ್ತಿಗೆ. ಅಂದರೆ ಮಣಿಕಟ್ಟಿನ ಗಾಯಕ್ಕೂ ಆ ನಿರ್ಧಾರಕ್ಕೂ ನಡುವೆ ಸುಮಾರು ಐದು ವರ್ಷ ಇದೆ.

ಆ ಐದು ವರ್ಷವೇ ನನಗೆ ಈ ಇಡೀ ಕಥೆಯಲ್ಲಿ ಮುಖ್ಯ. ನೋವು ಬಂದ ಮರುದಿನ ಓಡಿಹೋದವರಲ್ಲ ಅವರು. ದೇಹಕ್ಕೆ ಅವಕಾಶ ಕೊಟ್ಟು ನೋಡಿದರು. ಎರಡನ್ನೂ ಜೊತೆಯಲ್ಲಿ ಇಟ್ಟುಕೊಂಡರು. ಯಾವುದು ತನ್ನ ಕೈಗೆ ಒಗ್ಗುತ್ತದೆ, ಯಾವುದು ತನ್ನನ್ನು ಮುರಿಯುತ್ತದೆ ಅಂತ ಗೊತ್ತಾದ ಮೇಲೆ ಆಯ್ಕೆ ಮಾಡಿದರು. ಆಗ ಅವರಿಗೆ ಇಪ್ಪತ್ತಾರು ಇಪ್ಪತ್ತೇಳು ವರ್ಷ.

ಆಮೇಲಿನದು ಗೊತ್ತೇ ಇದೆ. 2014ರಲ್ಲಿ ಬ್ರೂನೋ ಸೋರೆಸ್ ಜೊತೆ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್. 2015ರ ಮಾರ್ಚ್‌ನಲ್ಲಿ ಮಾರ್ಟಿನಾ ಹಿಂಗಿಸ್ ಜೊತೆಯಾದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಮೂರನ್ನೂ ಸಾಲಾಗಿ ಗೆದ್ದರು. ಏಪ್ರಿಲ್‌ನಲ್ಲಿ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1. ಒಟ್ಟು 91 ವಾರ ಆ ಜಾಗದಲ್ಲಿದ್ದರು. 2015ರ ವಿಂಬಲ್ಡನ್, ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್ ಮೂರೂ ಹಿಂಗಿಸ್ ಜೊತೆ. ಇಬ್ಬರೂ ಸೇರಿ ಸತತ 41 ಪಂದ್ಯ ಸೋಲದೆ ಆಡಿದರು. ಸಾನಿಯಾರ ಒಟ್ಟು ಆರು ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ನಾಲ್ಕು ಬಂದದ್ದು ಸಿಂಗಲ್ಸ್ ಬಿಟ್ಟ ಮೇಲೆ. ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿ ಒಟ್ಟು 43.

2018ರಲ್ಲಿ ಮಗ ಹುಟ್ಟಿದ. 2020ರ ಜನವರಿಯಲ್ಲಿ ವಾಪಸ್ ಬಂದ ಮೊದಲ ಟೂರ್ನಮೆಂಟಿನಲ್ಲೇ ಹೋಬರ್ಟ್‌ನಲ್ಲಿ ನಾಡಿಯಾ ಕಿಚೆನೊಕ್ ಜೊತೆ ಗೆದ್ದರು. 2022 ಕೊನೆಯ ವರ್ಷ ಅಂದುಕೊಂಡಿದ್ದರು. ಮೊಣಕೈ ಗಾಯದಿಂದ ಆ ವರ್ಷದ ಅಮೆರಿಕನ್ ಓಪನ್ ತಪ್ಪಿತು. ಗಾಯವೇ ನನ್ನನ್ನು ಮನೆಗೆ ಕಳಿಸುವುದು ಬೇಡ ಅಂತ ಇನ್ನೂ ಸ್ವಲ್ಪ ದಿನ ಮುಂದಕ್ಕೆ ಹಾಕಿದರು. ನಾವು ನೋಟ್‌ಬುಕ್ ಬರೆದು ಒಂದು ತಿಂಗಳೂ ಆಗಿರಲಿಲ್ಲ, ಫೆಬ್ರವರಿ 21ಕ್ಕೆ ದುಬೈನಲ್ಲಿ ಮ್ಯಾಡಿಸನ್ ಕೀಸ್ ಜೊತೆ ಕೊನೆಯ ಪಂದ್ಯ ಆಡಿ ಸೋತರು. ಆ ಸಾಲನ್ನು ಹುಡುಗಿಯೇ ಬರೆದಳು. ಬಲಗೈಯಲ್ಲಿ. ಸ್ಪ್ಲಿಂಟ್ ಬಿಚ್ಚಿ ಮೂರು ವಾರ ಆಗಿತ್ತು.

ನಾವು ತಗೊಂಡಿದ್ದು, ಬಿಟ್ಟಿದ್ದು

ಸಾನಿಯಾ ಜೊತೆ ನಮ್ಮ ಹುಡುಗಿಯನ್ನು ಹೋಲಿಸುವುದು ತಪ್ಪು, ಅದು ನನಗೆ ಗೊತ್ತು. ಅವರು ವಿಶ್ವದ 27ನೇ ಆಟಗಾರ್ತಿಯಾಗಿದ್ದು ಡಬಲ್ಸ್ ಕಡೆ ಹೋದರು. ಇವಳು ರಾಜ್ಯ ಮಟ್ಟದಲ್ಲಿ ಎರಡು ಮೂರು ಸುತ್ತು ಗೆಲ್ಲುವ ಹುಡುಗಿ. ಆದರೆ ಮಣಿಕಟ್ಟು ಎಲ್ಲರಿಗೂ ಒಂದೇ ತರ ಅಲ್ವಾ.

ಮೊದಲು ಬಿಟ್ಟಿದ್ದು, "ಡಬಲ್ಸ್ ಅಂದರೆ ಆರಾಮು" ಅನ್ನುವ ಮಾತನ್ನು. ಸಿಂಗಲ್ಸ್ ಕೋರ್ಟು 27 ಅಡಿ ಅಗಲ, ಅಷ್ಟನ್ನೂ ಒಬ್ಬರೇ ಕಾಯಬೇಕು. ಡಬಲ್ಸ್ ಕೋರ್ಟು 36 ಅಡಿ, ಅಂದರೆ ತಲಾ 18 ಅಡಿ. ಓಟ ಕಡಿಮೆ, ಉದ್ದುದ್ದ ರ‍್ಯಾಲಿ ಕಡಿಮೆ, ಕೈ ಮೇಲೆ ಬೀಳುವ ಹೊಡೆತದ ಸಂಖ್ಯೆಯೂ ಕಡಿಮೆ. ಅದು ನಿಜ. ಆದರೆ ಬೇಕಾದ ಕಲೆ ಬೇರೆ. ನೆಟ್ ಹತ್ತಿರ ನಿಂತು ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಬೇಕು (ಇದಕ್ಕೆ ವಾಲಿ ಅನ್ನುತ್ತಾರೆ), ಯೋಚಿಸಲು ಸಮಯ ಇರುವುದಿಲ್ಲ. ಸರ್ವ್ ವಾಪಸ್ ಮಾಡುವಾಗ ಎದುರಿಗೆ ಒಬ್ಬರು ಹೊಂಚು ಹಾಕಿಕೊಂಡು ಕಾಯುತ್ತಿರುತ್ತಾರೆ. ನಮ್ಮ ಹುಡುಗಿಗೆ ವಾಲಿ ಬರುತ್ತಲೇ ಇರಲಿಲ್ಲ. ಏಳು ವರ್ಷ ಕೋರ್ಟಿನ ಕೊನೆಯ ಗೆರೆಯ, ಅಂದರೆ ಬೇಸ್‌ಲೈನ್ ಹಿಂದೆ ನಿಂತು ಆಡಿದವಳು. ಗಾಯ ಆಯಿತು ಅಂತ ಅವಳನ್ನು ಡಬಲ್ಸ್‌ಗೆ ನೂಕಿದರೆ ಅಲ್ಲೂ ಸೋಲುತ್ತಿದ್ದಳು, ಆಗ ನಿಜವಾಗಿಯೂ ಕೈಲಾಗದವಳು ಅನ್ನಿಸಿಕೊಳ್ಳುತ್ತಿದ್ದಳು.

ತಗೊಂಡಿದ್ದು, ಎರಡನ್ನೂ ಜೊತೆಯಲ್ಲಿ ಇಟ್ಟುಕೊಳ್ಳುವುದನ್ನು. ಫೆಬ್ರವರಿ ಕೊನೆಯ ಭಾನುವಾರ ಅಕ್ಕ, ಭಾವ, ಹುಡುಗಿ, ನಾನು ಕೂತು ಮಾತಾಡಿದೆವು. ಅಲ್ಲಿವರೆಗೂ ಅವಳನ್ನು ಯಾರೂ ಕೇಳಿರಲಿಲ್ಲ, ಅದು ನನಗೆ ಆಗ ಹೊಳೆಯಿತು. "ನಿನಗೇನು ಬೇಕು ಹೇಳಮ್ಮ" ಅಂತ ಭಾವ ಕೇಳಿದರು. "ಆಡಬೇಕು. ಆದರೆ ಸೋತು ಬಂದಾಗ ನೀವು ಬಸ್ಸಲ್ಲಿ ಪಾಯಿಂಟ್ ಲೆಕ್ಕ ಹಾಕೋದು ಬೇಡ ಅಪ್ಪ" ಅಂದಳು. ಭಾವ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಆಗಲಿ ಅಂದರು. ಅಕ್ಕ ಒಂದು ಷರತ್ತು ಹಾಕಿದಳು: ಪರೀಕ್ಷೆಯ ತಿಂಗಳು ಟೂರ್ನಮೆಂಟ್ ಇಲ್ಲ.

ಮಾರ್ಚ್‌ನಲ್ಲಿ ಮತ್ತೆ ಶುರು. ಮೊದಲ ಎರಡು ವಾರ ಬರೀ ಹದಿನೈದು ನಿಮಿಷ, ಚಿಕ್ಕ ಮಕ್ಕಳು ಆಡುವ ಮೆತ್ತನೆಯ ಚೆಂಡಿನಲ್ಲಿ. ಹಿಡಿತವನ್ನು ಪೂರ್ತಿ ವೆಸ್ಟರ್ನ್‌ನಿಂದ ಅರ್ಧ ವಾಪಸ್ ತಂದರು. ಗಟ್ಟಿಂಗ್ ಮೆತ್ತನೆಯದು, 50 ಪೌಂಡ್. ವಾರಕ್ಕೆ ಒಂದು ದಿನ ಪೂರ್ತಿ ರಜ. ಮತ್ತೆ ವಾಲಿ. ವಾಲಿಗೆ ರಾಕೆಟ್ಟನ್ನು ಸುತ್ತಿಗೆ ಹಿಡಿದ ಹಾಗೆ ಹಿಡಿಯಬೇಕು, ಮಣಿಕಟ್ಟು ತಿರುಗಿಸುವ ಹಾಗೇ ಇಲ್ಲ. ಗಟ್ಟಿಯಾಗಿ ನಿಲ್ಲಿಸಿ ಮುಂದಕ್ಕೆ ತಳ್ಳಬೇಕು. ಗಾಯವಾದ ಕೈಗೆ ಇದು ಒಗ್ಗಿತು. ಮೊದಲ ದಿನ ನಲವತ್ತು ಚೆಂಡಿನಲ್ಲಿ ಮೂವತ್ತು ನೆಟ್‌ಗೆ ಹೋದವು. ಅವಳು ಸಿಟ್ಟಾಗಲಿಲ್ಲ. ಅದು ನನಗೆ ಆಶ್ಚರ್ಯವಾಯಿತು.

ಜೊತೆಗಾರ್ತಿ ಗುಬ್ಬಿ ಕಡೆಯವಳು, ಒಂದು ವರ್ಷ ದೊಡ್ಡವಳು, ಎಡಗೈ ಆಟ. ಶುರುವಿನಲ್ಲಿ ಇಬ್ಬರೂ ಮಾತೇ ಆಡುತ್ತಿರಲಿಲ್ಲ. ನಡುವೆ ಬಂದ ಚೆಂಡನ್ನು ಇವಳು ತಗೋತಾಳೆ ಅಂತ ಅವಳು, ಅವಳು ತಗೋತಾಳೆ ಅಂತ ಇವಳು. ಚೆಂಡು ಇಬ್ಬರ ಮಧ್ಯೆ ಹಾದು ಹೋಗುತ್ತಿತ್ತು. 2015ರ ವಿಂಬಲ್ಡನ್ ಮಹಿಳೆಯರ ಡಬಲ್ಸ್ ಫೈನಲ್ಲನ್ನು ಇಬ್ಬರಿಗೂ ಮೊಬೈಲಿನಲ್ಲಿ ತೋರಿಸಿದೆ. ಸಾನಿಯಾ, ಹಿಂಗಿಸ್ ಮೊದಲ ಸೆಟ್ 5-7ರಲ್ಲಿ ಸೋತಿದ್ದರು, ಎರಡನೆಯದನ್ನು ಟೈಬ್ರೇಕ್‌ನಲ್ಲಿ ಗೆದ್ದಿದ್ದರು, ಮೂರನೆಯದರಲ್ಲಿ 2-5 ಹಿಂದೆ. ಎದುರಿಗೆ ಮಕರೋವಾ ಮತ್ತು ಅದೇ ವೆಸ್ನಿನಾ. 5-5 ಆದಾಗ ಕತ್ತಲಾಗುತ್ತಾ ಬಂದು ಛಾವಣಿ ಮುಚ್ಚಿದರು. ಆಮೇಲೆ 7-5. ನಾನು ಅಂಕ ನೋಡಬೇಡಿ ಅಂದೆ. ಪ್ರತಿ ಪಾಯಿಂಟ್ ಆದ ಮೇಲೆ ಅವರಿಬ್ಬರೂ ಏನು ಮಾಡುತ್ತಾರೆ ಅಷ್ಟೇ ನೋಡಿ. ಗೆದ್ದರೂ ಸೋತರೂ ಹತ್ತಿರ ಬಂದು ಕೈ ತಟ್ಟಿ ಒಂದೆರಡು ಮಾತು ಆಡಿಯೇ ತಮ್ಮ ಜಾಗಕ್ಕೆ ಹೋಗುತ್ತಾರೆ.

ಮುಂದಿನ ವಾರದಿಂದ ನಮ್ಮ ಕೋರ್ಟಿನಲ್ಲಿ "ನಂದು!", "ಬಿಡು!", "ಹಿಂದೆ, ಹಿಂದೆ!" ಅನ್ನುವ ಕೂಗು ಶುರುವಾಯಿತು. ಪಕ್ಕದ ಕೋರ್ಟಿನಲ್ಲಿ ಆಡುವ ದೊಡ್ಡವರು ಒಂದಿಬ್ಬರು ಗಲಾಟೆ ಅಂದರು. ಕೂಗಲಿ ಬಿಡಿ ಅಂದೆ.

ಏನಾಯಿತು

ಅದ್ಭುತ ಏನೂ ಆಗಲಿಲ್ಲ. 2023ರಲ್ಲಿ ಅವಳು ಐದು ಟೂರ್ನಮೆಂಟ್ ಆಡಿದಳು, ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ. ಸಿಂಗಲ್ಸ್‌ನಲ್ಲಿ ರ‍್ಯಾಂಕಿಂಗ್ ಬಿತ್ತು, ಭಾವ ಹೆದರಿದ್ದು ನಿಜವೇ ಆಯಿತು. ಡಬಲ್ಸ್‌ನಲ್ಲಿ ಮೊದಲ ಎರಡು ಕಡೆ ಮೊದಲ ಸುತ್ತಿನಲ್ಲೇ ಔಟ್. ಮೂರನೇ ಕಡೆ ಸೆಮಿಫೈನಲ್. ಆ ಸೆಮಿಫೈನಲ್ ನಾನು ನೋಡಿದೆ. ಹತ್ತು ಪಾಯಿಂಟ್‌ನ ಸೂಪರ್ ಟೈಬ್ರೇಕ್, 8-10ರಲ್ಲಿ ಸೋತರು. ಕೊನೆಯ ಚೆಂಡು ಇವಳ ವಾಲಿ, ಒಂದು ಅಂಗುಲ ಆಚೆ ಬಿತ್ತು. ಗುಬ್ಬಿಯ ಹುಡುಗಿ ಬಂದು ಇವಳ ಕೈ ತಟ್ಟಿದಳು. ಬಲಗೈಯನ್ನೇ, ಜೋರಾಗಿ. ನಾನು ಬೆಂಚಿನಿಂದ ಎದ್ದುಬಿಟ್ಟೆ. ಹುಡುಗಿ ನನ್ನ ಕಡೆ ನೋಡಿ, ಏನೂ ಆಗಿಲ್ಲ ಅಂತ ಮುಂಗೈ ತಿರುಗಿಸಿ ತೋರಿಸಿದಳು.

ಇಲ್ಲಿಂದ ಹಿಂದಕ್ಕೆ ನೋಡಿದರೆ ನನಗೆ ಎರಡು ಕಡೆ ಬೇಸರ ಇದೆ. ಒಂದು, ಸೆಪ್ಟೆಂಬರ್‌ನಲ್ಲಿ ಅವಳು ಹೇಳಿದ ದಿನವೇ ನಾನು ಕೈ ಹಿಡಿದು ನೋಡಿದ್ದರೆ ಎರಡು ಮೂರು ವಾರದ ರಜದಲ್ಲಿ ಮುಗಿಯುತ್ತಿತ್ತೇನೋ. ಎರಡು, ನವೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಎಕ್ಸ್‌ರೇ ಚೆನ್ನಾಗಿದೆ ಅಂತ ನಂಬಿ ಕೂತದ್ದು. ಈಗ ನನ್ನ ಶಾಲೆಯಲ್ಲಿ ಮಕ್ಕಳು ಕೈ ನೋವು ಅಂದರೆ ಮೊದಲು ಆಟದ ಬಗ್ಗೆ ಕೇಳುವುದೇ ಇಲ್ಲ. ನಲ್ಲಿ ತಿರುಗಿಸ್ತೀಯಾ, ಬಕೆಟ್ ಎತ್ತುತ್ತೀಯಾ, ಬಟ್ಟೆ ಹಿಂಡ್ತೀಯಾ, ಜಡೆ ನೀನೇ ಹಾಕ್ಕೊಳ್ತೀಯಾ ಅಂತ ಕೇಳುತ್ತೇನೆ. ಆಟದ ನೋವನ್ನು ಮಕ್ಕಳು ಮುಚ್ಚಿಡುತ್ತಾರೆ, ಆಟ ಬಿಡಿಸಿಬಿಡುತ್ತಾರೆ ಅಂತ ಭಯ. ಮನೆ ಕೆಲಸದ ನೋವನ್ನು ಮುಚ್ಚಿಡುವುದಿಲ್ಲ.

ಪಿಯುಸಿ ಮುಗಿಸಿ ಅವಳು ತುಮಕೂರಿನಲ್ಲೇ ಡಿಗ್ರಿ ಸೇರಿದಳು. ಕಾಲೇಜು ತಂಡದಲ್ಲಿ ಸಿಂಗಲ್ಸ್, ಡಬಲ್ಸ್ ಎರಡೂ ಆಡುತ್ತಾಳೆ. ವೃತ್ತಿಪರ ಆಟಗಾರ್ತಿ ಆಗುವ ಮಾತು ಈಗ ಅವಳೇ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ. ಶನಿವಾರ, ಭಾನುವಾರ ಚಿಕ್ಕ ಮಕ್ಕಳಿಗೆ ಹೇಳಿಕೊಡಲು ಹೋಗುತ್ತಾಳೆ. ಅಲ್ಲಿ ಹತ್ತು ವರ್ಷದ ಮಗುವೊಂದು ಪಾಲಿಯೆಸ್ಟರ್ ಗಟ್ಟಿಂಗ್ ಬೇಕು ಅಂತ ಹಟ ಮಾಡಿದಾಗ ಅದರ ಅಪ್ಪನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿ ಬೇಡ ಅನ್ನಿಸಿದಳು.

ಕಳೆದ ತಿಂಗಳು ಎಡ ಮಣಿಕಟ್ಟು ಸ್ವಲ್ಪ ಹಿಡಿದುಕೊಂಡಿತು. ಎರಡು ಕೈಯ ಬ್ಯಾಕ್‌ಹ್ಯಾಂಡ್ ಆಡುವವರಿಗೆ ಅಲ್ಲೂ ಬರುತ್ತದೆ. ಅದೇ ದಿನ ಸಂಜೆ ಫೋನ್ ಮಾಡಿ ಹೇಳಿದಳು. ನಾಲ್ಕು ದಿನ ಬಿಟ್ಟಳು. ಐದನೇ ದಿನ ಹೋಗಿ ಬರೀ ವಾಲಿ ಆಡಿ ಬಂದಳು.